ಸಂವತ್ಸರ ಚಕ್ರ ಮತ್ತು ಮನುಷ್ಯನ ಕೈ: ದಖನ್ನಿನ ಬರ-ನೆರೆಗಳ ದಾಖಲೆಗಳನ್ನು ಕುರಿತು

ಭೂಮಿಯ ತಾಪ ಏರುತ್ತಿರುವ ವಿಷಯ ಚರ್ಚೆಗೆ ಬಂದಾಗಲೆಲ್ಲ ವಿದ್ವತ್ಸಭೆಗಳಲ್ಲಿಯೂ ಒಂದು ಆಕ್ಷೇಪ ಕೇಳಿಬರುವುದುಂಟು. ಬರವೂ ನೆರೆಯೂ ಈ ನಾಡಿಗೆ ಹೊಸವಲ್ಲ. ಭದ್ರಬಾಹುವಿನ ಕಾಲದಲ್ಲಿ ಹನ್ನೆರಡು ವರ್ಷಗಳ ಕ್ಷಾಮವಿತ್ತು, ಬಹಮನಿ ಅರಸರ ಕಾಲದಲ್ಲಿ ದುರ್ಗಾದೇವಿ ಬರ ಬಂದಿತ್ತು, ನಮ್ಮ ಮುತ್ತಜ್ಜಂದಿರು ಧಾತು-ಈಶ್ವರದ ಬರವನ್ನು ಕಂಡಿದ್ದರು. ಆಗ ಕಾರ್ಖಾನೆಗಳಿದ್ದವೆ, ಮೋಟಾರುಗಳಿದ್ದವೆ? ಪ್ರಕೃತಿಗೆ ಅದರದೇ ಆದ ಚಕ್ರಗಳಿವೆ, ಈಗಿನದೂ ಅವುಗಳಲ್ಲೊಂದು ಸುತ್ತು ಎಂಬುದು ಆ ಆಕ್ಷೇಪದ ತಾತ್ಪರ್ಯ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ವಾದಕ್ಕೆ ಸಾಕ್ಷ್ಯವಾಗಿ ನಿಲ್ಲಿಸುವುದು ನಮ್ಮ ಆಕರಗಳನ್ನೇ: ಶಾಸನ, ಕಾವ್ಯ, ಐತಿಹ್ಯ, ಗೆಜೆಟಿಯರು. ಆದಕಾರಣ ಅದನ್ನು ಪರಿಶೀಲಿಸುವ ಹೊಣೆಯನ್ನು ಪೂರ್ತಿಯಾಗಿ ವಾಯುವಿಜ್ಞಾನಿಗಳಿಗೆ ವಹಿಸಿ ನಾವು ಸುಮ್ಮನಿರುವಂತಿಲ್ಲ. ನಮ್ಮ ದಾಖಲೆಗಳು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂಬುದನ್ನು ದಖನ್ನಿನ ಕೆಲವು ಪ್ರಸಂಗಗಳ ಮೂಲಕ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ಶಬ್ದವಿಚಾರ. ಕನ್ನಡದ ‘ಬರ’ ಎಂಬ ಮಾತು ಬಹಳ ವಿಶಾಲವಾದುದು. ಮಳೆ ಬಾರದಿರುವುದೂ ಬರ, ಕೆರೆ ಬತ್ತುವುದೂ ಬರ, ಕಣಜ ಬರಿದಾಗಿ ಜನ ಸಾಯುವುದೂ ಬರ. ಸಂಸ್ಕೃತದ ಅನಾವೃಷ್ಟಿ ಮತ್ತು ದುರ್ಭಿಕ್ಷ ಎಂಬ ಪದಗಳು ಮೊದಲನೆಯದನ್ನು ಕೊನೆಯದರಿಂದ ಬೇರ್ಪಡಿಸುತ್ತವೆ. ಕನ್ನಡದ ಆಡುಮಾತು ಮೂರನ್ನೂ ಕೂಡಿಸಿಬಿಡುತ್ತದೆ. ಹೀಗಾಗಿ ‘ಬರ ಬಂದಿತು’ ಎಂಬ ವಾಕ್ಯವನ್ನು ಓದಿದೊಡನೆ ನಾವು ಕಾರಣವನ್ನು ಆಕಾಶದಲ್ಲಿ ಹುಡುಕತೊಡಗುತ್ತೇವೆ. ಆಕಾಶ, ಕೆರೆ, ಕಣಜ - ಈ ಮೂರರಲ್ಲಿ ಯಾವುದು ಕೈಕೊಟ್ಟಿತು ಎಂದು ಪ್ರತಿ ಪ್ರಸಂಗದಲ್ಲಿಯೂ ಬಿಡಿಸಿ ಕೇಳಿಕೊಳ್ಳುವುದು ಅವಶ್ಯ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೊದಲನೆಯ ಶಾಸನವನ್ನು ತೆಗೆದುಕೊಳ್ಳೋಣ. ಸುಮಾರು ಕ್ರಿ.ಶ. 600ರ ಕಾಲದ್ದೆಂದು ಎಣಿಸಲಾದ ಈ ಶಾಸನ, ನಿಮಿತ್ತಜ್ಞಾನಿಯಾದ ಭದ್ರಬಾಹುವು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ವಿಷಮಕಾಲವನ್ನು ಮುಂಗಂಡನೆಂದೂ ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತೆಂದೂ ಹೇಳುತ್ತದೆ. ವಡ್ಡಾರಾಧನೆಯ ಭದ್ರಬಾಹು ಭಟಾರರ ಕಥೆಯಲ್ಲಿ ಇದೇ ಕ್ಷಾಮ ವಿಸ್ತಾರವಾಗಿ ಬೆಳೆದಿದೆ. ವಲಸೆಯ ಐತಿಹಾಸಿಕತೆಯ ಬಗ್ಗೆ ನಡೆದಿರುವ ದೀರ್ಘ ಚರ್ಚೆಯನ್ನು ಇಲ್ಲಿ ಮತ್ತೆ ಎತ್ತಬೇಕಾಗಿಲ್ಲ. ಹೇಳಿದ ಘಟನೆಗೂ ಶಾಸನಕ್ಕೂ ನಡುವೆ ಎಂಟು ಒಂಬತ್ತು ಶತಮಾನಗಳ ಅಂತರವಿದೆ ಎಂಬುದಷ್ಟೇ ನಮಗೆ ಮುಖ್ಯ. ‘ಹನ್ನೆರಡು’ ಎಂಬ ಸಂಖ್ಯೆಯಂತೂ ಇನ್ನೂ ಹಳೆಯದು. ಯಾಸ್ಕನ ನಿರುಕ್ತದಲ್ಲಿ ಬರುವ ದೇವಾಪಿ-ಶಂತನುಗಳ ಕಥೆಯಲ್ಲಿಯೂ ಮಳೆ ನಿಲ್ಲುವುದು ಹನ್ನೆರಡು ವರ್ಷ. ಮಹಾಭಾರತದ ಶಾಂತಿಪರ್ವದಲ್ಲಿ ವಿಶ್ವಾಮಿತ್ರನು ಚಂಡಾಲನ ಮನೆಯ ಮಾಂಸಕ್ಕೆ ಕೈಯಿಕ್ಕುವಂತೆ ಮಾಡಿದ ಅನಾವೃಷ್ಟಿಯೂ ಹನ್ನೆರಡು ವರ್ಷದ್ದೇ. ಗುರುಗ್ರಹ ರಾಶಿಚಕ್ರವನ್ನು ಒಮ್ಮೆ ಸುತ್ತಲು ತೆಗೆದುಕೊಳ್ಳುವ ಅವಧಿಯೂ ಸುಮಾರು ಹನ್ನೆರಡು ವರ್ಷ ಎಂಬುದನ್ನು ನೆನೆದರೆ ಈ ಸಂಖ್ಯೆಯ ಮೂಲ ಎಲ್ಲಿಯದೆಂದು ಊಹಿಸಬಹುದು. ಇಂಥ ಪಠ್ಯಗಳಿಂದ ಮಳೆಯ ಪ್ರಮಾಣವನ್ನು ಹೊರತೆಗೆಯಲು ಹೊರಡುವುದು, ಅಷ್ಟಾದಶ ವರ್ಣನೆಗಳಿಂದ ಜನಗಣತಿ ಮಾಡಿದಂತೆ.

1396ರಿಂದ 1407ರವರೆಗೆ ದಖನ್ನನ್ನು ಹಾಳುಗೆಡವಿತೆನ್ನಲಾದ ದುರ್ಗಾದೇವಿ ಬರಕ್ಕೂ ಐತಿಹ್ಯ ಕೊಡುವುದು ಹನ್ನೆರಡೇ ವರ್ಷ. ಇದೂ ಕೇವಲ ಕಥಾಸಂಖ್ಯೆ ಎಂದು ತಳ್ಳಿಹಾಕಬಹುದಿತ್ತು. ಆದರೆ ಇಲ್ಲಿ ಬೇರೊಂದು ಸಾಕ್ಷಿ ಅನಿರೀಕ್ಷಿತವಾಗಿ ನೆರವಿಗೆ ಬಂದಿದೆ. ಛತ್ತೀಸಗಡದ ದಂಡಕ ಗುಹೆಯಲ್ಲಿ ತೊಟ್ಟಿಕ್ಕುವ ನೀರಿನಿಂದ ವರ್ಷವರ್ಷವೂ ಬೆಳೆದ ಸುಣ್ಣದ ಕಂಬವೊಂದನ್ನು ಪರೀಕ್ಷಿಸಿ, ಅದರ ಪದರಗಳಲ್ಲಿಯ ಆಮ್ಲಜನಕದ ಐಸೊಟೋಪುಗಳ ಪ್ರಮಾಣದಿಂದ ಮುಂಗಾರಿನ ಏರಿಳಿತವನ್ನು ಅಂದಾಜು ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಕ್ರಿ.ಶ. 600ರಿಂದ 1500ರವರೆಗಿನ ಆ ದಾಖಲೆಯಲ್ಲಿ ಹದಿನಾಲ್ಕನೆಯ ಶತಮಾನದ ನಡುವಿನಿಂದ ಹದಿನೈದನೆಯ ಶತಮಾನದ ನಡುವಿನವರೆಗೆ ಮುಂಗಾರು ಪದೇ ಪದೇ, ಒಮ್ಮೊಮ್ಮೆ ಹಲವು ವರ್ಷಗಳ ಕಾಲ ಎಡೆಬಿಡದೆ, ದುರ್ಬಲವಾಗಿದ್ದುದು ಕಂಡುಬರುತ್ತದೆ. ಮಳೆಮಾಪನ ಕೇಂದ್ರಗಳು ಬಂದ ಮೇಲೆ ನಾವು ಅಳೆದಿರುವ ಯಾವ ಬರಕ್ಕಿಂತಲೂ ದೀರ್ಘವಾದ ಬರಗಳು ಆಗ ಇದ್ದವು ಎಂದಾಯಿತು. ಆಕ್ಷೇಪಕರ ಮಾತಿನ ಅರ್ಧವನ್ನು ಇಲ್ಲಿ ಸಂಕೋಚವಿಲ್ಲದೆ ಒಪ್ಪಬೇಕು: ಮನುಷ್ಯನು ಕಲ್ಲಿದ್ದಲನ್ನು ಸುಡುವುದಕ್ಕೆ ಎಷ್ಟೋ ಮೊದಲೇ ನಮ್ಮ ಮುಂಗಾರು ಭೀಕರವಾಗಿ ಹಿಮ್ಮೆಟ್ಟಬಲ್ಲದಾಗಿತ್ತು.

ಇನ್ನುಳಿದ ಅರ್ಧವನ್ನು ಪರಿಶೀಲಿಸಲು ಧಾತು-ಈಶ್ವರದ ಬರ ಅತ್ಯಂತ ಯೋಗ್ಯವಾದ ನಿದರ್ಶನ. 1876-77 ಧಾತು ಸಂವತ್ಸರ, 1877-78 ಈಶ್ವರ. ಮೈಸೂರು, ಬಳ್ಳಾರಿ, ಧಾರವಾಡ, ಬಿಜಾಪುರ, ನಿಜಾಮ ಸಂಸ್ಥಾನದ ಕನ್ನಡ ಜಿಲ್ಲೆಗಳು, ಒಟ್ಟಿನಲ್ಲಿ ಕನ್ನಡನಾಡಿನ ಬಯಲುಸೀಮೆಯೆಲ್ಲವೂ ಅದಕ್ಕೆ ತುತ್ತಾಯಿತು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಂತೆ ಐವತ್ತು ಲಕ್ಷಕ್ಕೂ ಮಿಕ್ಕಿದ್ದ ಜನಸಂಖ್ಯೆ 1881ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಜನರು ಆ ಬರವನ್ನು ಸಂವತ್ಸರದ ಹೆಸರಿನಿಂದ ಕರೆದರು. ಅರುವತ್ತು ವರ್ಷಗಳ ಚಕ್ರದಲ್ಲಿ ಹೆಸರು ಮರಳಿ ಬರುವುದರಿಂದ ಬರವೂ ಮರಳಿ ಬಂದೀತೆಂಬ ಅಂಜಿಕೆ ಆ ಹೆಸರಿನಲ್ಲಿಯೇ ಅಡಗಿತ್ತು.

ಆ ಚಕ್ರವನ್ನು ಪರೀಕ್ಷೆಗೆ ಒಡ್ಡುವುದು ನಮಗೆ ಸಾಧ್ಯವಿದೆ. ಧಾತು ಸಂವತ್ಸರ 1936ರಲ್ಲಿಯೂ 1996ರಲ್ಲಿಯೂ ಮರಳಿತು. 1876ರ ಬರ ಮರಳಲಿಲ್ಲ. ಈಶ್ವರ 1997ರಲ್ಲಿ ಬಂದಾಗ ಇನ್ನೂ ಕುತೂಹಲಕರವಾದ ಸಂಗತಿ ನಡೆಯಿತು. ಪೆಸಿಫಿಕ್ ಸಾಗರದ ಪೂರ್ವಭಾಗ ಅಸಾಮಾನ್ಯವಾಗಿ ಬಿಸಿಯಾಗುವ ‘ಎಲ್ ನಿನೊ’ ಎಂಬ ವಿದ್ಯಮಾನವೇ 1877ರ ಅನಾವೃಷ್ಟಿಯ ಹಿಂದಿತ್ತೆಂಬುದು ಈಗ ಸಾಮಾನ್ಯವಾಗಿ ಒಪ್ಪಿತವಾದ ವಿಚಾರ. 1997ರಲ್ಲಿ ಸಂವತ್ಸರವೂ ಅದೇ, ಎಲ್ ನಿನೊ ಸಹ ಇಪ್ಪತ್ತನೆಯ ಶತಮಾನದ ಅತಿ ಪ್ರಬಲವಾದವುಗಳಲ್ಲೊಂದು. ಆದರೂ ಭಾರತದ ಮುಂಗಾರು ಆ ವರ್ಷ ವಾಡಿಕೆಯ ಸರಾಸರಿಗಿಂತ ತುಸು ಹೆಚ್ಚೇ ಸುರಿಯಿತು. ಹಿಂದೂ ಮಹಾಸಾಗರದ ಪಶ್ಚಿಮಭಾಗ ಆಗ ಬೆಚ್ಚಗಾಗಿದ್ದುದು ಇದಕ್ಕೆ ಒಂದು ಕಾರಣವೆಂದು ತಜ್ಞರು ಹೇಳುತ್ತಾರೆ. ಇದಕ್ಕೆ ತಿರುಗುಮುರುಗಾಗಿ 2002ರ ಚಿತ್ರಭಾನು ಸಂವತ್ಸರದಲ್ಲಿ ಎಲ್ ನಿನೊ ಸಾಧಾರಣವಾಗಿತ್ತು, ಮುಂಗಾರು ಮಾತ್ರ ಶೇಕಡಾ 19ರಷ್ಟು ಕೊರತೆಬಿದ್ದಿತು. ಪ್ರಕೃತಿಯಲ್ಲಿ ಚಕ್ರಗಳಿವೆ ಎಂಬುದು ನಿಜ. ಆದರೆ ಎಲ್ ನಿನೊ ಎರಡರಿಂದ ಏಳು ವರ್ಷಗಳ ಅನಿಯತ ಅಂತರದಲ್ಲಿ ಬರುವಂಥದು. ಅದು ಪಂಚಾಂಗದ ಚಕ್ರವಲ್ಲ.

ಪ್ರಕೃತಿಚಕ್ರದ ವಾದಕ್ಕೆ ಒಂದು ರಾಜಕೀಯ ಚರಿತ್ರೆಯೂ ಇದೆ, ಇದನ್ನು ನಮ್ಮವರು ಅಷ್ಟಾಗಿ ಗಮನಿಸಿಲ್ಲ. ಸಾಮ್ರಾಜ್ಯದ ಅಂಕಿಅಂಶಗಳ ಅಧಿಕಾರಿಯಾಗಿದ್ದ ವಿಲಿಯಂ ವಿಲ್ಸನ್ ಹಂಟರ್ 1877ರಲ್ಲಿ, ಅಂದರೆ ಜನ ಸಾಯುತ್ತಿದ್ದಾಗಲೇ, ದಕ್ಷಿಣ ಭಾರತದ ಬರ ಮತ್ತು ಕ್ಷಾಮಗಳ ಚಕ್ರವನ್ನು ಕುರಿತು ಒಂದು ಪುಸ್ತಿಕೆಯನ್ನು ಪ್ರಕಟಿಸಿದನು. ಸೂರ್ಯನ ಕಲೆಗಳ ಹನ್ನೊಂದು ವರ್ಷದ ಏರಿಳಿತಕ್ಕೂ ಮದರಾಸಿನ ಮಳೆಗೂ ಸಂಬಂಧವಿದೆ, ಕಲೆಗಳು ಕಡಮೆಯಾದಾಗ ಮಳೆಯೂ ಕಡಮೆಯಾಗುತ್ತದೆ ಎಂಬುದು ಅದರ ವಾದ. ಖಗೋಳವಿಜ್ಞಾನಿ ನಾರ್ಮನ್ ಲಾಕಯರ್ ಅದಕ್ಕೆ ಜೊತೆಗೂಡಿದನು. ವಿಜ್ಞಾನವಾಗಿ ಆ ಸಂಬಂಧ ನಿಲ್ಲಲಿಲ್ಲ. ಆದರೆ ಹೊತ್ತು ಎಂಥದು ನೋಡಿ. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರುವ ದರ್ಬಾರು ನಡೆದಿತ್ತು. ದೇಶದಿಂದ ಧಾನ್ಯದ ರಫ್ತು ನಿಂತಿರಲಿಲ್ಲ. ಪರಿಹಾರದ ಕಾಮಗಾರಿಯಲ್ಲಿ ಮಣ್ಣು ಹೊರುವವನ ದಿನದ ಧಾನ್ಯವನ್ನು ಸರ್ ರಿಚರ್ಡ್ ಟೆಂಪಲ್ ಒಂದು ಪೌಂಡಿಗೆ ಇಳಿಸಿದ್ದನು. ಮೈಸೂರು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಹಂಟರನ ಉದ್ದೇಶ ಏನೇ ಇದ್ದಿರಲಿ, ದೋಷ ಸೂರ್ಯನಲ್ಲಿದೆ ಎಂಬ ಮಾತು ಕಣಜದ ಲೆಕ್ಕ ಕೇಳುವವರಿಗೆ ಒಳ್ಳೆಯ ಉತ್ತರವಾಗಿತ್ತು. ಮಳೆ ಹೋಗಿದ್ದು ಸಾಗರದ ಕಾರಣದಿಂದ, ಜನ ಸತ್ತದ್ದು ಬಹುಮಟ್ಟಿಗೆ ನೀತಿಯ ಕಾರಣದಿಂದ. ಎರಡೂ ಸತ್ಯ, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಡೋಗಿ ಬರವೆಂದು, ತಲೆಬುರುಡೆಗಳ ಬರವೆಂದು ನೆನಪಿನಲ್ಲುಳಿದ 1791-92ರ ಕ್ಷಾಮದಲ್ಲಿಯೂ ಹೀಗೆಯೇ: ಎಲ್ ನಿನೊ ಒಂದು ಕಡೆ, ಮೂರನೆಯ ಮೈಸೂರು ಯುದ್ಧದ ಸೈನ್ಯಗಳ ಓಡಾಟ ಇನ್ನೊಂದು ಕಡೆ.

ಮುಂಗಾರಿನ ಚಕ್ರವನ್ನು ನಿಜಕ್ಕೂ ಹಿಡಿದವನು, 1904ರಿಂದ 1924ರವರೆಗೆ ಭಾರತದ ಹವಾಮಾನ ವೀಕ್ಷಣಾಲಯಗಳ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರ್. ಪೆಸಿಫಿಕ್ಕಿಗೂ ಹಿಂದೂ ಮಹಾಸಾಗರಕ್ಕೂ ನಡುವೆ ವಾಯುಭಾರ ತಕ್ಕಡಿಯಂತೆ ತೂಗುವುದನ್ನು ಅವನು ಗುರುತಿಸಿದನು. ನಮ್ಮ ಬರಗಳೇ ಆ ಶೋಧಕ್ಕೆ ಪ್ರೇರಣೆ ಎಂಬುದನ್ನು ಮರೆಯುವಂತಿಲ್ಲ.

ಈಗ ಆಕಾಶ-ಕಣಜಗಳ ನಡುವಿನ ಕೆರೆಗೆ ಬರೋಣ. ಕನ್ನಡ ಶಾಸನಗಳು ಅತ್ಯಂತ ವಾಚಾಳಿಯಾಗುವುದು ಇಲ್ಲಿಯೇ. ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿ ತೆಲಂಗಾಣದ ಬಹುಭಾಗ ಕನ್ನಡ ಶಾಸನಗಳ ಪ್ರದೇಶವಾಗಿದ್ದುದು ಈ ಪತ್ರಿಕೆಯ ಓದುಗರಿಗೆ ತಿಳಿದದ್ದೇ. ಕನ್ನಡ-ತೆಲುಗು ನಾಡುಗಳ ಶಾಸನಗಳಲ್ಲಿ ಏರಿ, ತೂಬು, ಕೋಡಿಗಳ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆಯ ರಕ್ಷಣೆಗೆ ಬಿಟ್ಟ ಬಿತ್ತುವಟ್ಟ, ಕೆರೆಗೊಡಗೆ, ಹೂಳು ತೆಗೆಯುವ ಬಂಡಿಗೆ ಕೊಟ್ಟ ಭೂಮಿ, ಒಡೆದ ಏರಿಯನ್ನು ಕಟ್ಟಿಸಿದವನ ಪ್ರಶಂಸೆ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರನು ಶಕ 1291ರಲ್ಲಿ, ಎಂದರೆ 1369ರಲ್ಲಿ, ಹಾಕಿಸಿದ ಸಂಸ್ಕೃತ ಶಾಸನ ಕೆರೆಗೆ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ನಡುವೆ ದಿಬ್ಬವಿರುವುದು, ನೀರು ಕಡಮೆಯಿದ್ದು ಹೊಲ ಹೆಚ್ಚಿರುವುದು, ನೀರು ಹೆಚ್ಚಿದ್ದು ಹೊಲ ಕಡಮೆಯಿರುವುದು - ಇವು ದೋಷಗಳು. ಮಳೆಯ ಮುನಿಸನ್ನು ದೋಷವೆಂದು ಎಣಿಸಿಲ್ಲ. ಮನುಷ್ಯನ ಹೊಣೆ ಎಲ್ಲಿಂದ ಮೊದಲಾಗುತ್ತದೆಂಬ ಸ್ಪಷ್ಟ ತಿಳಿವಳಿಕೆ ಆ ಪಟ್ಟಿಯ ಹಿಂದಿದೆ: ಮಳೆ ಅವನ ಕೈಯಲ್ಲಿಲ್ಲ, ಏರಿ ಅವನ ಕೈಯಲ್ಲಿದೆ.

ಕಾವ್ಯಪರಂಪರೆಯಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ನಂಬಿಕೆಯೂ ಉಂಟು. ಅರಸು ಧರ್ಮಿಯಾದರೆ ತಿಂಗಳಿಗೆ ಮೂರು ಮಳೆ, ಅಧರ್ಮಿಯಾದರೆ ಬರ. ನಿರುಕ್ತದ ಕಥೆಯಲ್ಲಿ ಅಣ್ಣನನ್ನು ದಾಟಿ ತಮ್ಮನು ಪಟ್ಟವೇರಿದ್ದೇ ಮಳೆ ನಿಲ್ಲಲು ಕಾರಣ. ಇದನ್ನು ಆಧುನಿಕ ವಿಜ್ಞಾನದ ಮುನ್ಸೂಚನೆಯೆಂದು ಕೊಂಡಾಡುವವರನ್ನು ಇತ್ತೀಚೆಗೆ ಕಾಣುತ್ತಿದ್ದೇವೆ. ಅದು ರಾಜನೀತಿಯ ಮಾತೇ ಹೊರತು ವಾಯುಮಂಡಲದ ಮಾತಲ್ಲ. ಹೊಗಳಿಕೆಯಾದರೂ ತಪ್ಪು ಓದು ತಪ್ಪು ಓದೇ.

ಏರಿಯ ಹೊಣೆ ಎಷ್ಟು ದೊಡ್ಡದೆಂಬುದಕ್ಕೆ ಹೈದರಾಬಾದಿಗಿಂತ ಮಿಗಿಲಾದ ಸಾಕ್ಷಿ ಬೇಕಿಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ನಗರದೊಳಗೆ ನುಗ್ಗಿತು. ಸತ್ತವರು ಸುಮಾರು ಹದಿನೈದು ಸಾವಿರ ಎಂಬುದು ಸಾಮಾನ್ಯ ಅಂದಾಜು. ಮರುವರ್ಷ ನಿಜಾಮ ಮಹಬೂಬ್ ಅಲಿ ಖಾನರ ಸರ್ಕಾರ ಮುಂಬಯಿ ಪ್ರಾಂತದ ಸೇವೆಯಿಂದ ಬಿಡುಗಡೆ ಪಡೆದಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ಅದೇ 1909ರ ನವೆಂಬರಿನಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರರಾಗಿ ಹೋದರು. ನಡುವಿನ ಕೆಲವು ತಿಂಗಳುಗಳು ಈ ನಗರದ ಭೂಪಟವನ್ನೇ ಬದಲಿಸಿದವು. ಅವರ ತನಿಖೆಯಲ್ಲಿ ಬೆಳಕಿಗೆ ಬಂದ ಒಂದು ಅಂಕಿಯನ್ನು ಶಾಸನಾಭ್ಯಾಸಿಗಳು ವಿಶೇಷವಾಗಿ ಗಮನಿಸಬೇಕು. ನಗರದ ಮೇಲ್ಗಡೆ ಮೂಸಿ ಮತ್ತು ಅದರ ಉಪನದಿ ಈಸಿಯ ಜಲಾನಯನದಲ್ಲಿ 788 ಕೆರೆಗಳಿದ್ದವು. ಅವುಗಳಲ್ಲಿ 221 ಒಡೆದಿದ್ದವು. ಮೇಲಿನ ಕೆರೆ ಒಡೆದರೆ ಅದರ ನೀರು ಕೆಳಗಿನ ಕೆರೆಯನ್ನು ಒಡೆಯುತ್ತದೆ. ಹೀಗೆ ಸರಪಳಿ ಕಳಚಿದಂತೆ ಕಳಚಿ, ಮಳೆಯ ನೀರಿನೊಡನೆ ಕೆರೆಗಳ ನೀರೂ ಕೂಡಿ ನಗರದ ಮೇಲೆ ಬಿದ್ದಿತು. ಬಿದ್ದ ಮಳೆ ಪ್ರಕೃತಿಯದು. ಆ ನೀರು ಹರಿದ ಬಗೆಯಲ್ಲಿ ಮನುಷ್ಯನ ಪಾಲಿತ್ತು. ಮೇಲ್ಗಡೆ ನೆರೆಯನ್ನು ತಡೆದುಕೊಳ್ಳುವ ಎರಡು ಜಲಾಶಯಗಳನ್ನು ಕಟ್ಟಬೇಕೆಂಬ ವಿಶ್ವೇಶ್ವರಯ್ಯನವರ ಸಲಹೆಯಂತೆ ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಸಿದ್ಧವಾದವು.

ಇಷ್ಟರಿಂದ ನಮ್ಮ ದಾಖಲೆಗಳ ಲೋಕದ ಗಡಿ ಕಾಣುತ್ತದೆ. ಶ್ರವಣಬೆಳಗೊಳದಿಂದ ಮೂಸಿಯವರೆಗೆ ಮನುಷ್ಯನ ಕೈ ಕೆರೆಯಲ್ಲಿಯೂ ಕಣಜದಲ್ಲಿಯೂ ಇದೆ, ಆಕಾಶಕ್ಕೆ ಮುಟ್ಟಿಲ್ಲ. ‘ಆಗಲೂ ಬರವಿತ್ತು’ ಎಂಬ ವಾದದ ದೋಷ ಇಲ್ಲಿದೆ. ಆಗಿನ ಆಕಾಶ ತನ್ನಷ್ಟಕ್ಕೆ ತಾನೇ ಏರಿಳಿಯುತ್ತಿತ್ತು ಎಂಬುದನ್ನು ಮಾತ್ರ ನಮ್ಮ ಆಕರಗಳು ಸಾಧಿಸಬಲ್ಲವು. ಈಗಿನ ಆಕಾಶವೂ ಹಾಗೆಯೇ ಇದೆಯೆಂದು ಅವು ಸಾಧಿಸಲಾರವು. ಕಾಡಿಗೆ ಹಿಂದೆ ಸಿಡಿಲಿನಿಂದ ಬೆಂಕಿ ಬೀಳುತ್ತಿತ್ತೆಂಬ ಸಾಕ್ಷ್ಯದಿಂದ ಇಂದಿನ ಬೆಂಕಿಯನ್ನು ಯಾರೂ ಹಚ್ಚಿಲ್ಲವೆಂದು ತೀರ್ಪು ಕೊಡಲಾಗದು.

ಆ ಗಡಿಯ ಆಚೆಗಿನ ಸಾಕ್ಷ್ಯ ಬೇರೆ ಬಗೆಯದು. ಕೈಗಾರಿಕಾ ಯುಗಕ್ಕೆ ಮೊದಲು ವಾಯುಮಂಡಲದ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗ ಇಂಗಾಲದ ಡೈಆಕ್ಸೈಡು ಇತ್ತು. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಆರಂಭವಾದಾಗ ಅದು ಸುಮಾರು 315. ಈಗ 420ನ್ನು ಮೀರಿದೆ. ಹೀಗೆ ಸೇರಿದ ಇಂಗಾಲ ಬಹಳ ಕಾಲ ಭೂಗರ್ಭದಲ್ಲಿ ಹುದುಗಿದ್ದ ಇಂಧನದ್ದೆಂಬುದನ್ನು ಅದರ ಐಸೊಟೋಪುಗಳೇ ಹೇಳುತ್ತವೆ: ಹಳೆಯ ಕಲ್ಲಿದ್ದಲಿನಲ್ಲಿ ವಿಕಿರಣಶೀಲ ಇಂಗಾಲ ಉಳಿದಿರುವುದಿಲ್ಲ. ಶಾಸನದ ಲಿಪಿಯನ್ನು ನೋಡಿ ಕಾಲವನ್ನು ಹೇಳುವ ನಮಗೆ ಈ ತರ್ಕ ಅಪರಿಚಿತವಾಗಬಾರದು. ಇನ್ನು ಸೂರ್ಯನ ಮಾತು. 1970ರ ದಶಕದ ಕೊನೆಯಿಂದ ಉಪಗ್ರಹಗಳು ಸೂರ್ಯನ ತೇಜವನ್ನು ಅಳೆಯುತ್ತಿವೆ. ಹನ್ನೊಂದು ವರ್ಷದ ಏರಿಳಿತವಿದೆ, ಒಟ್ಟಾರೆ ಏರಿಕೆ ಇಲ್ಲ. ಸೂರ್ಯನೇ ಕಾರಣವಾಗಿದ್ದರೆ ವಾಯುಮಂಡಲದ ಮೇಲುಸ್ತರವೂ ಬಿಸಿಯಾಗಬೇಕಿತ್ತು; ಕೆಳಸ್ತರ ಬಿಸಿಯಾಗುತ್ತಿರುವಾಗ ಮೇಲುಸ್ತರ ತಣ್ಣಗಾಗುತ್ತಿದೆ. ಭೂಮಿಯ ಕಕ್ಷೆ ಮತ್ತು ಅಕ್ಷಗಳ ಬದಲಾವಣೆಯಿಂದಾಗುವ, ಹತ್ತಾರು ಸಾವಿರ ವರ್ಷಗಳ ಚಕ್ರಗಳೂ ಇವೆ. ಆದರೆ ಅವು ಕಳೆದ ಕೆಲವು ಸಾವಿರ ವರ್ಷಗಳಿಂದ ನಿಧಾನವಾಗಿ ತಂಪಿನ ಕಡೆಗೆ ಒಯ್ಯುತ್ತಿದ್ದುವೇ ಹೊರತು ಒಂದೂವರೆ ಶತಮಾನದಲ್ಲಿ ಒಂದು ಡಿಗ್ರಿಗೂ ಮಿಕ್ಕ ಏರಿಕೆಯನ್ನು ವಿವರಿಸಲಾರವು. ಮನುಷ್ಯನೇ ಭೂಮಿಯನ್ನು ಬಿಸಿಮಾಡಿದ್ದಾನೆಂಬುದು ನಿಸ್ಸಂದಿಗ್ಧವೆಂದು ಅಂತರಸರ್ಕಾರೀಯ ಹವಾಮಾನ ಸಮಿತಿ 2021ರಲ್ಲಿ ಹೇಳಿದ್ದು ಇಂಥ ಹಲವು ಸಾಕ್ಷ್ಯಗಳು ಕೂಡಿದ ಮೇಲೆ.

ನಮ್ಮ ದೇಶದ ಮಟ್ಟಿಗೆ, ಕೇಂದ್ರದ ಭೂವಿಜ್ಞಾನ ಮಂತ್ರಾಲಯ 2020ರಲ್ಲಿ ಪ್ರಕಟಿಸಿದ ವರದಿಯಂತೆ 1901ರಿಂದ 2018ರವರೆಗೆ ಸರಾಸರಿ ತಾಪ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರವರೆಗೆ ಮುಂಗಾರಿನ ಮೊತ್ತ ಸುಮಾರು ಶೇಕಡಾ 6ರಷ್ಟು ತಗ್ಗಿದೆ. ಆದರೆ ಮಧ್ಯಭಾರತದಲ್ಲಿ ಒಂದೇ ದಿನ 15 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸಂದರ್ಭಗಳು 1950ರಿಂದ 2015ರೊಳಗೆ ಸುಮಾರು ಶೇಕಡಾ 75ರಷ್ಟು ಹೆಚ್ಚಿವೆ. ಮೊತ್ತ ತಗ್ಗಿ ರಭಸ ಹೆಚ್ಚುವುದು ಎಂದರೆ ಬರವೂ ನೆರೆಯೂ ಒಂದೇ ವರ್ಷದಲ್ಲಿ ಸಾಧ್ಯವೆಂದು ಅರ್ಥ. ತಾಪ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದೆಂಬ ಭೌತಸೂತ್ರ ಈ ರಭಸದ ಹಿಂದಿದೆ.

2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡ ಹತ್ತಿದ ವಾಯುಭಾರ ಕುಸಿತ ಹೈದರಾಬಾದಿನ ಮೇಲೆ ಹಾದಾಗ, ಬೇಗಂಪೇಟೆಯಲ್ಲಿ ಒಂದು ದಿನದಲ್ಲಿ 19 ಸೆಂಟಿಮೀಟರಿಗೂ ಹೆಚ್ಚು ಮಳೆಯಾಯಿತು. 2000ದ ಆಗಸ್ಟಿನಲ್ಲಿ ಇದೇ ನಗರ 24 ಸೆಂಟಿಮೀಟರನ್ನು ಕಂಡಿತ್ತಾದರೂ ಅಕ್ಟೋಬರಿನಲ್ಲಿ ಇಷ್ಟು ಮಳೆಯಾದದ್ದು ನೂರು ವರ್ಷಗಳಿಗೂ ಹೆಚ್ಚಿನ ದಾಖಲೆಯಲ್ಲಿಲ್ಲ. ಈ ಒಂದು ಘಟನೆಯನ್ನು ಪೂರ್ತಿಯಾಗಿ ತಾಪಮಾನದ ಏರಿಕೆಯ ತಲೆಗೆ ಕಟ್ಟುವುದು ಅವಸರ. 1908ರ ನೆರೆ ಅಂಥ ಏರಿಕೆಯಿಲ್ಲದೆಯೇ ಬಂದಿತ್ತು. ಆದರೆ ಎರಡರ ನಡುವಿನ ಸಾಮ್ಯವನ್ನು ನೋಡಬೇಕು. 2020ರಲ್ಲಿಯೂ ಒಡೆದದ್ದು ಕೆರೆಗಳೇ. ಗಗನಪಹಾಡಿನ ಬಳಿ ಒತ್ತುವರಿಯಿಂದ ಕಿರಿದಾಗಿದ್ದ ಅಪ್ಪ ಚೆರುವು ಒಡೆದು ಬೆಂಗಳೂರಿನ ಹೆದ್ದಾರಿಯನ್ನು ಕೊಚ್ಚಿತು; ಕೆಲವು ದಿನಗಳಲ್ಲಿ ಬಾಲಾಪುರದ ಗುರ್ರಂ ಚೆರುವು ಒಡೆದು ಹಳೆಯ ನಗರದ ಬಡಾವಣೆಗಳಿಗೆ ನುಗ್ಗಿತು. 1908ರಲ್ಲಿ ಮನುಷ್ಯನ ಕೈ ಏರಿಯಲ್ಲಿ ಮಾತ್ರ ಇತ್ತು. ಈಗ ಏರಿಯಲ್ಲಿಯೂ ಇದೆ, ಮೋಡದಲ್ಲಿಯೂ ಇದೆ.

ವಿಶ್ವೇಶ್ವರಯ್ಯನವರು ತಮಗೆ ದೊರೆತ ಮಳೆಯ ಲೆಕ್ಕಗಳಿಂದ ಮುಂದಿನ ನೆರೆಯನ್ನು ಅಳೆದರು. ಕಳೆದುದು ಬರುವುದಕ್ಕೆ ಅಳತೆಗೋಲು ಎಂಬ ಆ ಊಹೆ ಅವರ ಕಾಲಕ್ಕೆ ಸರಿಯಾಗಿತ್ತು, ಬಿತ್ತುವಟ್ಟ ಬಿಟ್ಟವರ ಕಾಲಕ್ಕೂ ಸರಿಯಾಗಿತ್ತು. ಇಂದು ಅಳತೆಗೋಲೇ ಉದ್ದವಾಗುತ್ತಿದೆ. ಅವರ ಎರಡು ಜಲಾಶಯಗಳ ಸುತ್ತಿನ 84 ಗ್ರಾಮಗಳಲ್ಲಿ ಕಟ್ಟಡಗಳನ್ನು ನಿರ್ಬಂಧಿಸಿ 1996ರಲ್ಲಿ ಹೊರಟ 111ನೆಯ ಸರ್ಕಾರಿ ಆದೇಶವನ್ನು 2022ರಲ್ಲಿ ಸಡಿಲಿಸಲಾಯಿತು. ಒಡೆದ ಕೆರೆಯನ್ನು ಮತ್ತೆ ಕಟ್ಟಿಸಿದ ಪ್ರಸ್ತಾಪವುಳ್ಳ ಕನ್ನಡ ಶಾಸನಗಳನ್ನು ಶಕವರ್ಷದ ಅನುಕ್ರಮದಲ್ಲಿ ಜೋಡಿಸಿ, ದಂಡಕ ಗುಹೆಯ ದಾಖಲೆಯ ಪಕ್ಕದಲ್ಲಿಟ್ಟು ನೋಡುವ ಕೆಲಸ ನಮ್ಮ ಮುಂದಿದೆ. ಪಿ.ಬಿ. ದೇಸಾಯಿಯವರು 1958ರಲ್ಲಿ ಸಂಪಾದಿಸಿಕೊಟ್ಟ ಹೈದರಾಬಾದು ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಸಂಪುಟದಿಂದ ಅದನ್ನು ತೊಡಗಬಹುದು. ದಾನದ ತೇದಿ, ಊರು, ಕೆರೆಯ ಹೆಸರು, ಒಡೆದದ್ದಕ್ಕೆ ಕೊಟ್ಟ ಕಾರಣ ಇಷ್ಟನ್ನು ಪ್ರತಿಯೊಂದರಿಂದಲೂ ಗುರುತು ಹಾಕಿಕೊಂಡರೆ ಸಾಕು; ‘ಹನ್ನೆರಡು ವರ್ಷ’ ಎಂದಿರುವ ಕಡೆ ಮಾತ್ರ ಸಂಖ್ಯೆಯನ್ನು ಬೇರೆ ಕಂಬಸಾಲಿನಲ್ಲಿ ಬರೆದಿಡುವುದು ಲೇಸು.